ಒಂದೇ ಕಂಪ್ಯೂಟರ್, ಎರಡು ಬಾಯಿ

ಇಬ್ಬರು ಒಟ್ಟಿಗೆ ಮಾತಾಡುತ್ತಿರುವಾಗ ಇಬ್ಬರ ಮಾತನ್ನೂ ಕೇಳಿಸಿಕೊಂಡವರ ಹಾಗೆ ತಲೆಯಾಡಿಸುವ ವಿದ್ಯೆ ಸಂಸಾರಸ್ಥರಿಗೆಲ್ಲ ಗೊತ್ತಿರುತ್ತದೆ. ನನಗೂ ಅದು ಚೆನ್ನಾಗಿಯೇ ಒಲಿದಿದೆ ಎಂದು ಬೀಗುತ್ತಿದ್ದೆ, ನನ್ನ ಕಂಪ್ಯೂಟರಿಗೆ ಎರಡನೆಯ ಬಾಯಿ ಬರುವವರೆಗೆ. ನನಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಹೀಗೆಂದ ತಕ್ಷಣ ಜನ ದನಿ ತಗ್ಗಿಸಿಬಿಡುತ್ತಾರೆ. ನೀವು ತಗ್ಗಿಸಬೇಕಾಗಿಲ್ಲ, ನಾನು ಸುಖವಾಗಿಯೇ ಇದ್ದೇನೆ. ಸ್ಕ್ರೀನಿನ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶವಿದೆ. ಅದರ ದನಿಯನ್ನು ಇಯರ್‌ಫೋನಿನಲ್ಲಿ ಕೇಳಿಕೊಂಡು ಕೆಲಸ ಮಾಡುತ್ತೇನೆ. ಕಡೂರಿನಿಂದ ಬೆಳಗಿನ ರೈಲು ಹತ್ತಿ ಬಂದು, ಅಜ್ಜಂಪುರದ ಒಂದು ಕಚೇರಿಯಲ್ಲಿ ಹಳೆಯ ಕಡತಗಳ ಪಟ್ಟಿ ನೋಡಿಕೊಳ್ಳುವುದು ನನ್ನ ಉದ್ಯೋಗ. ಯಾವ ಕಚೇರಿ ಎಂದು ಮಾತ್ರ ಕೇಳಬೇಡಿ, ನಿವೃತ್ತಿಗೆ ಇನ್ನೂ ವರ್ಷಗಳಿವೆ.

ಆ ಪಟ್ಟಿಯ ಪ್ರೋಗ್ರಾಂ ಬಹಳ ಹಳೆಯದು. ಅದನ್ನು ಬರೆದ ಪುಣ್ಯಾತ್ಮ ಈಗ ಎಲ್ಲಿದ್ದಾನೋ ಯಾರಿಗೂ ತಿಳಿಯದು. ಕಚೇರಿಗೆ ಹೊಸ ಕಂಪ್ಯೂಟರ್ ಬಂದಾಗ ಆ ಪ್ರೋಗ್ರಾಂ ಅದರಲ್ಲಿ ಏಳುವುದೇ ಇಲ್ಲವೆಂದು ಹಟ ಹಿಡಿಯಿತು. ತರೀಕೆರೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಗೆಳೆಯ ಇಮ್ತಿಯಾಜ್ ಬಂದು, ಹೊಸದರ ಹೊಟ್ಟೆಯೊಳಗೆ ಹಳೆಯ ಕಂಪ್ಯೂಟರೊಂದನ್ನು ಕೂರಿಸಿಕೊಟ್ಟ. ಅದಕ್ಕೆ ವರ್ಚುವಲ್ ಮೆಷಿನ್ ಎನ್ನುತ್ತಾರಂತೆ. “ಮನೇಲಿ ಬಾಡಿಗೆಯವರನ್ನ ಇಟ್ಕೊಂಡಂಗೆ ಕಣಣ್ಣಾ. ಬಾಗ್ಲು ಒಂದೇ, ಅಡುಗೆ ಬೇರೆ ಬೇರೆ,” ಅಂದ. ಹೊರಗಿನ ಸ್ಕ್ರೀನ್ ರೀಡರಿಗೆ ಒಳಗಿನ ಅಕ್ಷರಗಳು ತಿಳಿಯುವುದಿಲ್ಲ, ಅದರ ಪಾಲಿಗೆ ಅದೆಲ್ಲ ಬರೀ ಚಿತ್ರ. ಹಾಗಾಗಿ ಒಳಗೂ ಒಂದು ಸ್ಕ್ರೀನ್ ರೀಡರ್ ಹಾಕಬೇಕಾಯಿತು.

ಮೊದಲು ಎರಡರದೂ ಒಂದೇ ದನಿ. ಬಾವಿಗೆ ಬಗ್ಗಿ ಕೂಗಿದ ಹಾಗೆ ಎಲ್ಲವೂ ಎರಡೆರಡು ಸಲ ಕೇಳುತ್ತಿತ್ತು. ಆಮೇಲೆ ಹೊರಗಿನದಕ್ಕೆ ಗಂಡು ದನಿ, ಒಳಗಿನದಕ್ಕೆ ಹೆಣ್ಣು ದನಿ ಇಟ್ಟೆ. ಅಂದಿನಿಂದ ಅವರು ನನಗೆ ‘ಹೊರಗಿನವನು’ ಮತ್ತು ‘ಒಳಗಿನವಳು’. ಸುಳ್ಳೇಕೆ ಹೇಳಲಿ, ಇಬ್ಬರ ಮೇಲೂ ನನಗೆ ಪ್ರೀತಿಯಿದೆ. ಖಾತೆ, ಜಮಾಬಂದಿ, ಅಮಲ್ದಾರ್ ಎಂದೆಲ್ಲ ಹಳೆಯ ಸರ್ಕಾರಿ ಪದಗಳನ್ನು ಒಳಗಿನವಳು ಓದುವಾಗ ಅವಳು ಆ ಕಾಲದ ಅಮಲ್ದಾರರ ಕೈಕೆಳಗೇ ಕೆಲಸ ಮಾಡಿದವಳೇನೋ ಅನ್ನಿಸುತ್ತದೆ. ಹೊರಗಿನವನು ಅಷ್ಟು ಓದಿಕೊಂಡವನಲ್ಲ, ಆದರೆ ಅವಳು ಬಾಯಿ ತೆರೆದಾಗಲೇ ಅವನಿಗೆ ಏನಾದರೂ ಹೇಳುವುದಿರುತ್ತದೆ. ಇನ್ನೊಂದು ತಾಪತ್ರಯ, ಇಬ್ಬರಿಗೂ ಅಪ್ಪಣೆ ಕೊಡುವ ಕೀ ಒಂದೇ. ಒಳಗಿದ್ದಾಗ ಅದನ್ನು ಒತ್ತಿದರೆ ಇಬ್ಬರೂ ತಮ್ಮನ್ನೇ ಕರೆದರೆಂದು ಓಡಿಬರುತ್ತಾರೆ. ಬಸ್ಸಿನಲ್ಲಿ ‘ಅಣ್ಣಾ’ ಎಂದು ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡುವುದಿಲ್ಲವೇ, ಹಾಗೆ.

ಪಕ್ಕದ ಮೇಜಿನ ಮಂಜುನಾಥನ ವಿಚಾರವನ್ನೂ ಹೇಳಬೇಕು. ಒಳ್ಳೆಯ ಮನುಷ್ಯ, ಊಟದ ಡಬ್ಬಿಯಲ್ಲಿ ನನಗೂ ಪಾಲು ತರುತ್ತಾನೆ. ಆದರೆ ನನ್ನ ಬೆನ್ನ ಹಿಂದೆ ನಿಂತು ಸ್ಕ್ರೀನ್ ಓದುವ ಚಟ ಅವನಿಗೆ. ಇದಕ್ಕೂ ಸ್ಕ್ರೀನ್ ರೀಡರಿನಲ್ಲಿ ಮದ್ದಿದೆ. ಒಂದು ಅಪ್ಪಣೆ ಕೊಟ್ಟರೆ ಸ್ಕ್ರೀನಿನ ಮೇಲೆ ಕಪ್ಪು ಪರದೆ ಇಳಿಯುತ್ತದೆ. ನೋಡುವವರಿಗೆ ಬರೀ ಕತ್ತಲು, ಕೇಳುವವನಿಗೆ ಏನೂ ವ್ಯತ್ಯಾಸವಿಲ್ಲ. ಒಂದು ದಿನ ಸಿಟ್ಟಿನಲ್ಲಿ ಹೊರಗಿನವನಿಗೆ ಹೇಳಿ ಪರದೆ ಇಳಿಸಿದೆ. ಇಳಿಸಿದ್ದನ್ನು ಮರೆತೆ, ತನ್ನ ಮೇಲಿನ ಸಿಟ್ಟಿಗೆಂದು ತಿಳಿದ ಮಂಜುನಾಥನೂ ನೆನಪಿಸಲಿಲ್ಲ. ನನಗೆ ನೆನಪಾಗುವುದಾದರೂ ಹೇಗೆ?

ಆಮೇಲೆ ಕಚೇರಿಯ ಮುಖ್ಯಸ್ಥೆಯಾಗಿ ಹೊಸ ಮೇಡಂ ಬಂದರು. ಬಂದ ಹದಿನೈದು ದಿನಕ್ಕೆ ನನ್ನ ಮೇಜಿನ ಬಳಿ ನಿಂತು ಬಹಳ ಮೆತ್ತಗೆ ಹೇಳಿದರು: “ಶಂಕರಪ್ಪನವರೇ, ಬೇಜಾರು ಮಾಡ್ಕೋಬೇಡಿ. ಪಟ್ಟಿ ಕೆಲಸ ಬೇರೆಯವರಿಗೆ ಕೊಡ್ತೀನಿ. ನೀವು ಆರಾಮಾಗಿ ಹಾಡು ಕೇಳ್ಕೊಂಡು ಕೂತಿರಿ.”

“ಹಾಡಾ ಮೇಡಂ?”

“ಕಂಪ್ಯೂಟರ್ ಆಫ್ ಆಗಿದೆ. ನಾನು ಬಂದಾಗಿನಿಂದ ಆಫ್ ಆಗೇ ಇದೆ. ಇಯರ್‌ಫೋನ್ ಹಾಕ್ಕೊಂಡು ನಗ್ತಾ ಇರ್ತೀರಿ.”

‘ಆರಾಮಾಗಿ ಕೂತಿರಿ’ ಎಂಬ ಮಾತಿಗೆ ನಾನು ಹೆದರುವಷ್ಟು ಹಾವಿಗೂ ಹೆದರುವುದಿಲ್ಲ. ಹುಟ್ಟಿದಾಗಿನಿಂದ ಯಾರ ಮನೆಯ ಮದುವೆಗೆ ಹೋದರೂ ಫ್ಯಾನಿನ ಕೆಳಗೆ ಕುರ್ಚಿ ಹಾಕಿ, ಕೈಗೆ ಪಾನಕ ಕೊಟ್ಟು, ಇದೇ ಮಾತು ಹೇಳಿ ಹೋಗುತ್ತಾರೆ. ಈ ಕಚೇರಿಯಲ್ಲಿ ಮಾತ್ರ ಜನ ನನ್ನ ಹೆಸರು ಹಿಡಿದು ಕೇಳಿಕೊಂಡು ಬರುತ್ತಿದ್ದರು. ಆ ಪಟ್ಟಿ ಹೋದರೆ ಇಲ್ಲೂ ನನಗೆ ಉಳಿಯುವುದು ಫ್ಯಾನಿನ ಕೆಳಗಿನ ಕುರ್ಚಿಯೇ. ಸಿಟ್ಟೂ ಬಂತು, ಅಳುವೂ ಬಂತು.

ಇಳಿಸಿಟ್ಟ ಪರದೆ ಆಗ ನೆನಪಾಯಿತು. “ಒಂದು ನಿಮಿಷ ಮೇಡಂ, ತೋರಿಸ್ತೀನಿ,” ಎಂದು ಕೀ ಒತ್ತಿದೆ. ಹೊರಗಿನವನು ವಿಧೇಯನಾಗಿ ತನ್ನ ಪರದೆ ಎತ್ತಿದ. ಅದೇ ಅಪ್ಪಣೆ ಕೇಳಿಸಿಕೊಂಡ ಒಳಗಿನವಳು, ಅಷ್ಟು ಹೊತ್ತು ಪರದೆಯಿಲ್ಲದೆ ಇದ್ದವಳು, ತನ್ನದನ್ನು ಇಳಿಸಿದಳು.

“ಶಂಕ್ರಣ್ಣ, ಸುತ್ತ ಬೆಳಕಾಯ್ತು, ಮಧ್ಯ ಕತ್ಲೆ ಕಣ್ರೀ,” ಎಂದ ಮಂಜುನಾಥ. ಇನ್ನೊಮ್ಮೆ ಒತ್ತಿದೆ. ಅವಳು ಎತ್ತಿದಳು, ಅವನು ಇಳಿಸಿದ. “ಈಗ ಎಲ್ಲಾ ಹೋಯ್ತು!” ಎಂದು ಮಂಜುನಾಥ ಕೂಗಿದ.

ಇಮ್ತಿಯಾಜನಿಗೆ ಫೋನ್ ಮಾಡಿದೆ. “ಅಣ್ಣಾ, ಹೊರಗೆ ಬಂದು ಹೊರಗಿನವನನ್ನ ಪೂರ್ತಿ ಮುಚ್ಬಿಡಿ. ಅವನ ಜೊತೆ ಅವನ ಪರದೆನೂ ಹೋಯ್ತದೆ,” ಅಂದ. ಹೇಳುವುದು ಸುಲಭ. ಹೊರಗಿನವನು ಸುಮ್ಮನಾದರೆ ನಾನು ಮತ್ತೆ ಒಳಗೆ ಹೋಗುವ ದಾರಿಯನ್ನು ಹೇಳುವವರೇ ಇಲ್ಲ. ಆದರೂ ಮುಚ್ಚಿದೆ. ಕಿವಿ ಖಾಲಿಯಾಯಿತು. ನೆನಪಿನ ಮೇಲೆ ಎರಡು ಕೀ ಒತ್ತಿ ಕಾದೆ. “ಕಡತಗಳ ಪಟ್ಟಿ,” ಎಂದಳು ಒಳಗಿನವಳು. ಅವಳನ್ನು ತಬ್ಬಿಕೊಳ್ಳಬೇಕೆನಿಸಿತು.

ಶಿವನಿ ಊರಿನ ಕಡೆಯ ಯಜಮಾನರೊಬ್ಬರು ಬೆಳಗಿನಿಂದ ಬೆಂಚಿನ ಮೇಲೆ ಕಾದಿದ್ದರು. “ನಮ್ಮಪ್ಪನ ಕಾಲದ ಮನೆ ಜಾಗದ ಕಾಗ್ದ ಕಣಪ್ಪಾ,” ಎಂದು ಹೆಸರು ಹೇಳಿದರು. ಹುಡುಕಿದೆ. “ಮೂರನೇ ರ್ಯಾಕ್, ಮೇಲಿನ ಹಲಗೆ, ನಲವತ್ತೇಳನೇ ಕಟ್ಟು,” ಅಂದೆ. ಮಂಜುನಾಥ ಹೋಗಿ ಕಟ್ಟು ತಂದ, ಕಾಗದ ಅದರಲ್ಲೇ ಇತ್ತು. ಯಜಮಾನರು ನನ್ನ ಎರಡೂ ಕೈ ಹಿಡಿದುಕೊಂಡರು.

ಮೇಡಂ ಸ್ಕ್ರೀನಿನ ಹತ್ತಿರಕ್ಕೆ ಬಗ್ಗಿದರು. ಮಂಜುನಾಥ ನನ್ನ ಭುಜ ತಿವಿದ, ಅದು ನನಗೆ ಅನುಮಾನ ತಂದಿತು. ನನಗೆ ಕಂಪ್ಯೂಟರ್ ಒಮ್ಮೆಗೆ ಒಂದೇ ಸಾಲನ್ನು ಹೇಳುತ್ತದೆ. ಕಣ್ಣಿದ್ದವರಿಗೆ ತೆರೆದಿಟ್ಟದ್ದೆಲ್ಲ ಒಟ್ಟಿಗೆ ಕಾಣುತ್ತದೆಂಬುದು ನನಗೆ ಹೊಳೆದಿರಲಿಲ್ಲ. ಪಟ್ಟಿಯ ಪಕ್ಕದಲ್ಲೇ, ನಾನು ಜನರನ್ನು ಗುರುತಿಟ್ಟುಕೊಳ್ಳಲು ಬರೆದುಕೊಳ್ಳುವ ಖಾಸಗಿ ಟಿಪ್ಪಣಿ ತೆರೆದಿತ್ತು. ಮೇಡಂ ಗಟ್ಟಿಯಾಗಿಯೇ ಓದಿದರು:

“ಮಂಜುನಾಥ: ಎಲೆ ಅಡಿಕೆ ವಾಸನೆ. ಹಿಂದೆ ನಿಂತು ಉಸಿರು ಬಿಡುತ್ತಾನೆ, ನನಗೆ ಗೊತ್ತಾಗುವುದಿಲ್ಲ ಅಂದುಕೊಳ್ಳುತ್ತಾನೆ. ಹೊಸ ಮೇಡಂ: ನಡಿಗೆ ಪೊಲೀಸರದು, ದನಿ ಅಂಗನವಾಡಿ ಟೀಚರದು. ನನ್ನನ್ನು ಮಗು ಅಂದುಕೊಂಡಿದ್ದಾರೆ.”

ನಾನು ಕುರ್ಚಿಯಲ್ಲಿ ಎಷ್ಟು ಕುಗ್ಗಬಹುದೋ ಅಷ್ಟು ಕುಗ್ಗಿದೆ. ಮೇಡಂ, “ಶಂಕರಪ್ಪ, ಈ ವರ್ಷದ ಕಡತಗಳನ್ನ ಇನ್ನೂ ಪಟ್ಟಿಗೆ ಸೇರ್ಸಿಲ್ಲ. ನಾಳೆ ಸಂಜೆಯೊಳಗೆ ಆಗ್ಬೇಕು. ನೆಪ ಹೇಳ್ಬೇಡಿ,” ಎಂದು ಗದರಿ ದಡದಡನೆ ಹೋದರು. ಎಲ್ಲ ಗುಮಾಸ್ತರನ್ನೂ ಗದರುವ ಅದೇ ದನಿ. ಬೈಸಿಕೊಂಡು ನಾನು ಅಷ್ಟು ಸಂತೋಷಪಟ್ಟದ್ದು ಜನ್ಮದಲ್ಲಿ ಅದೊಂದೇ ಸಲ.

ಮರುದಿನ ಹೊರಗಿನವನನ್ನು ಮತ್ತೆ ಕರೆಸಿಕೊಂಡೆ, ಅವನಿಲ್ಲದೆ ಬೇಸರವಾಗಿತ್ತು. ಪರದೆಯನ್ನೂ ಇಳಿಸಿದೆ. ನಿಜವಾಗಿಯೂ ಇಳಿದಿದೆಯೋ ಇಲ್ಲವೋ ಎಂದು ಕೇಳಲು ಕಚೇರಿಯಲ್ಲಿ ಆ ಹೊತ್ತಿಗೆ ಇದ್ದವನು ಮಂಜುನಾಥ ಒಬ್ಬನೇ. “ಏನೂ ಕಾಣ್ತಿಲ್ಲ ಶಂಕ್ರಣ್ಣ, ಪೂರ್ತಿ ಕಪ್ಪು,” ಎಂದ. ದನಿ ಬಹಳ ಹತ್ತಿರದಿಂದ ಬಂತು. ಅವನ ಮಾತನ್ನು ನಂಬಿದ್ದೇನೆ, ಬೇರೆ ದಾರಿಯಿಲ್ಲ. ಆದರೆ ಅಂದಿನಿಂದ ಟಿಪ್ಪಣಿಯಲ್ಲಿ ಅವನ ಬಗ್ಗೆ ಬರೀ ಒಳ್ಳೆಯದನ್ನೇ ಬರೆಯುತ್ತಿದ್ದೇನೆ.