ಕೋಳಿಗೂಡಿನಿಂದ ಬಂದ ಆಟದ ಪೆಟ್ಟಿಗೆ

ಈ ಪೆಟ್ಟಿಗೆಗೆ ನಾನು ಕೊಟ್ಟದ್ದು ಎರಡು ಸಾವಿರ ರೂಪಾಯಿ ಮತ್ತು ಒಂದು ಹೊಸ ಕೋಳಿಗೂಡು. ದುಡ್ಡು ಪೆಟ್ಟಿಗೆಯ ಬೆಲೆ. ಗೂಡು, ಪೆಟ್ಟಿಗೆಯೊಳಗೆ ಕಾವಿಗೆ ಕೂತಿದ್ದ ಕೋಳಿಗಳಿಗೆ ಪರಿಹಾರ. ಹುಣಸೂರಿನಲ್ಲಿ ಹಳೇ ಬೀರು, ಮಂಚ, ಮೇಜು ಕೊಂಡು ಮಾರಿಯೇ ಸ್ವಂತ ಮನೆ ಕಟ್ಟಿಕೊಂಡವನು ನಾನು. ಹೇಳಿದ ಬೆಲೆಯನ್ನು ಯಾರಿಗೂ ಕೊಟ್ಟವನಲ್ಲ, ಕೊಂಡ ಮಾಲನ್ನು ವಾಪಸು ಮಾಡಿದವನೂ ಅಲ್ಲ. ಆದರೆ ಈ ಸಲ ಎದುರಿಗಿದ್ದವನು ಕಂಪಲಾಪುರದ ಪುಟ್ಟಸ್ವಾಮಿ, ನನ್ನ ಹೆಂಡತಿ ಜಯಮ್ಮನ ತಮ್ಮ. ಹೆಂಡತಿಯ ತವರಿನವರ ಜೊತೆ ಚೌಕಾಸಿಗೆ ಒಂದು ಮಿತಿಯಿದೆ. ರಾತ್ರಿ ಊಟಕ್ಕೆ ಮನೆಗೇ ಬರಬೇಕಲ್ಲ. “ದುಡ್ಡು ಬುಡಿ ಭಾವ, ಕೊಟ್ಟಷ್ಟು ಕೊಡಿ. ಈ ಕೋಳಿಗಳ ಎಲ್ಲಿಗೆ ಕಳುಸ್ಲಿ?” ಎಂದು ಅವನು ಕೇಳಿದ ರೀತಿಗೆ, ನಾನೇನೋ ಒಂದು ಸಂಸಾರವನ್ನು ಬೀದಿಗೆ ತಳ್ಳುತ್ತಿದ್ದೇನೆ ಅನ್ನಿಸಿ ಗೂಡಿಗೆ ಒಪ್ಪಿಕೊಂಡೆ.

ಯಾಕೆ ಕೊಂಡೆ ಎಂದರೆ, ಈ ಪೆಟ್ಟಿಗೆ ಮೊದಲು ಹುಣಸೂರು ಬಸ್ ಸ್ಟ್ಯಾಂಡಿನ ಪಕ್ಕದ ವಿಡಿಯೋ ಗೇಮ್ ಅಂಗಡಿಯಲ್ಲಿತ್ತು. ನಾಣ್ಯ ಹಾಕಿದರೆ ಒಂದು ಆಟ. ಪರದೆಯ ಮೇಲೆ ಪುಟ್ಟ ವಿಮಾನ, ಮೇಲಿನಿಂದ ಶತ್ರುಗಳ ದಂಡು. ಪುಟ್ಟಸ್ವಾಮಿ ನನಗೆ ನೆಂಟನಾಗುವ ಮೊದಲು ಪಾಲುದಾರನಾದದ್ದು ಅಲ್ಲೇ. ಒಂದು ನಾಣ್ಯಕ್ಕೆ ಒಬ್ಬನೇ ಆಡುವುದು ದುಂದು ಎಂದು ನಾನು ಆಗಲೇ ತೀರ್ಮಾನಿಸಿದ್ದೆ. ಆದ್ದರಿಂದ ಇಬ್ಬರೂ ಅರ್ಧರ್ಧ ಹಾಕುತ್ತಿದ್ದೆವು: ವಿಮಾನ ಓಡಿಸುವ ಕಡ್ಡಿ ನನ್ನ ಕೈಗೆ, ಗುಂಡು ಹಾರಿಸುವ ಬಟನ್ ಅವನ ಕೈಗೆ. ವಿಮಾನ ಬಿದ್ದಾಗ ನೀನು ಹೊಡೆಯಲಿಲ್ಲ ಎಂದು ನಾನು, ನೀನು ಸರಿಯಾಗಿ ಓಡಿಸಲಿಲ್ಲ ಎಂದು ಅವನು. ಅವನು ಬಸ್ಸು ಹತ್ತುವವರೆಗೂ ಈ ಜಗಳ ನಡೆಯುತ್ತಿತ್ತು. ಒಂದು ದಿನ ಹಾಗೆ ಜಗಳವಾಡುತ್ತಾ ನಾನೂ ಬಸ್ಸು ಹತ್ತಿ ಅವರ ಮನೆವರೆಗೂ ಹೋದದ್ದರಿಂದಲೇ ನನಗೆ ಜಯಮ್ಮ ಸಿಕ್ಕಿದ್ದು. ಅಂಗಡಿ ಮುಚ್ಚಿದಾಗ ಪುಟ್ಟಸ್ವಾಮಿ ಪೆಟ್ಟಿಗೆಯನ್ನು ಹೊತ್ತೊಯ್ದು, ಒಳಗಿನದೆಲ್ಲ ಕಿತ್ತು, ಕೋಳಿ ಬಿಟ್ಟಿದ್ದ.

ಮನೆಗೆ ತಂದು ತೊಳೆದು ಬಣ್ಣ ಹೊಡೆದು ಹಜಾರದ ಮೂಲೆಯಲ್ಲಿಟ್ಟೆ. ಆ ಮೂಲೆಯ ಮೇಲೆ ಜಯಮ್ಮ ಹೊಲಿಗೆ ಮಿಷನ್ನಿಗೆಂದು ಕಣ್ಣಿಟ್ಟಿದ್ದಳು. ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು ಮೂಸಿ ನೋಡಿದಳು.

“ಯುಗಾದಿ ಗಂಟ ನೋಡ್ತೀನಿ. ನೀವಾದ್ರೂ ಸರಿ, ಯಾರಾದ್ರೂ ಸರಿ, ಒಬ್ರು ನೆಟ್ಟಗೆ ಆಡಿದ್ರೆ ಇರ್ಲಿ. ಇಲ್ದಿದ್ರೆ ಕೋಳಿ ಮನೆ ಕೋಳಿಗೇ.”

ಕೆ.ಆರ್. ನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಮಗ ಮಹೇಶನನ್ನು ಕರೆಸಿದೆ. ಅವನು ಅಂಗೈಯಗಲದ ಕಂಪ್ಯೂಟರೊಂದನ್ನು ಒಳಗಿಟ್ಟು, ಹೊಸ ಪರದೆ, ಹೊಸ ಕಡ್ಡಿ ಕೂರಿಸಿ, ಎಮ್ಯುಲೇಟರ್ ಎಂಬುದನ್ನು ಹಾಕಿದ. ಅಂದರೆ ಈ ಹೊಸ ಯಂತ್ರ ಹಳೇ ಯಂತ್ರದ ವೇಷ ಕಟ್ಟುತ್ತದಂತೆ. ಹೇಗೂ ಹಾಕುತ್ತಿದ್ದೀಯಲ್ಲ, ಎಷ್ಟು ಆಟ ಹಿಡಿಯುತ್ತದೋ ಅಷ್ಟೂ ತುಂಬು ಎಂದೆ. ಸಾವಿರಾರು ತುಂಬಿದ. ಭಾನುವಾರದ ಮೇಲೆ ಭಾನುವಾರ ಊಟ ಮರೆತು ಕೂತ. ಕೊನೆಗೆ ವಿಮಾನ ಪರದೆಯ ಮೇಲೆ ಬಂದೊಡನೆ ಸ್ಕ್ರೂಡ್ರೈವರ್ ಎತ್ತಿಕೊಂಡು ಹೊರಟೇಬಿಟ್ಟ. ಆಡೋ ಅಂದರೆ, “ಆಡೋದ್ರಲ್ಲಿ ಏನದೆ ಅಪ್ಪ? ಪರದೆ ಮೇಲೆ ಬರ್ಸೋದೇ ಮಜಾ” ಎಂದ.

ಉಳಿದವಳು ಭಾನುವಾರ ನಮ್ಮಲ್ಲಿಗೆ ಬರುವ ಅವನ ಮಗಳು, ಮೂರನೇ ಕ್ಲಾಸಿನ ಮಾನ್ಯ. ಅವಳು ಪರದೆಯ ಮೇಲೆ ಬೆರಳಿಟ್ಟು ವಿಮಾನವನ್ನು ಪಕ್ಕಕ್ಕೆ ಎಳೆದಳು. ಅದು ಬರಲಿಲ್ಲ. “ತಾತ, ಇದು ಕೆಟ್ಟೋಗದೆ” ಎಂದು ತೀರ್ಪು ಕೊಟ್ಟು, ಸೋಫಾದ ಮೇಲೆ ಮಲಗಿ ಫೋನಿನಲ್ಲಿ ಯಾರೋ ಆಟ ಆಡುವುದನ್ನು ನೋಡತೊಡಗಿದಳು. ತಾನು ಆಡುವುದಲ್ಲ, ಇನ್ನೊಬ್ಬರು ಆಡುವುದನ್ನು ನೋಡುವುದು! ನಾವು ಆಡಿದೆವು, ಮಗ ಆಟ ಬರಿಸಿದ, ಮೊಮ್ಮಗಳು ನೋಡುತ್ತಾಳೆ.

ಯುಗಾದಿ ಹತ್ತಿರ ಬಂತು. ಇನ್ನು ನಾನೇ ಗತಿ ಎಂದು ಒಂದು ಭಾನುವಾರ ಮನೆಯವರ ಮುಂದೆ ಪೆಟ್ಟಿಗೆಯೆದುರು ನಿಂತೆ. ಎಡಗೈ ಏನನ್ನೂ ಮರೆತಿರಲಿಲ್ಲ. ವಿಮಾನ ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರಿತು. ಆದರೆ ಗುಂಡು ಹಾರಲಿಲ್ಲ. ಬಲಗೈ ನೆನಪಿಸಿಕೊಂಡು ಬಟನ್ ಒತ್ತಿದರೆ ಎಡಗೈ ನಿಂತುಹೋಗುತ್ತಿತ್ತು. ಸತ್ತೆ. ಮತ್ತೆ ಸತ್ತೆ. ಆಗ ಗೊತ್ತಾಯಿತು: ಅರ್ಧ ದುಡ್ಡಿಗೆ ಪೂರ್ತಿ ಆಟ ಹೊಡೆದುಕೊಂಡೆ ಎಂದು ಇಷ್ಟು ವರ್ಷ ಬೀಗುತ್ತಿದ್ದೆನಲ್ಲ, ನಾನು ಕಲಿತದ್ದೇ ಅರ್ಧ ಆಟ. ಉಳಿದರ್ಧ ಕಂಪಲಾಪುರದಲ್ಲಿದೆ.

ಅಡಿಗೆಮನೆ ಬಾಗಿಲಲ್ಲಿ ಜಯಮ್ಮ ಸೆರಗು ಬಾಯಿಗಿಟ್ಟುಕೊಂಡಿದ್ದಳು. ಇಷ್ಟು ಕೆಟ್ಟದಾಗಿ ಆಡುವವರನ್ನು ಫೋನಿನಲ್ಲೂ ನೋಡಿರದ ಮಾನ್ಯ ಎದ್ದು ಬಂದು ನನ್ನ ಹಿಂದೆ ನಿಂತಳು. ಹೊಡಿ ತಾತ, ಹೊಡಿ ಎಂದಳು. ತಾಳ್ಮೆಗೆಟ್ಟು ನನ್ನ ಬಲಗೈಯನ್ನು ಆಚೆ ತಳ್ಳಿ, ತಾನೇ ಬಟನ್ ಒತ್ತಿದಳು. ಫೋನಿನಲ್ಲಿ ಪಳಗಿದ ಹೆಬ್ಬೆರಳು; ಮಳೆಯ ಹಾಗೆ ಗುಂಡು ಸುರಿಯಿತು. ಶತ್ರುಗಳ ದಂಡು ಕರಗಿ, ನಾವಿಬ್ಬರು ಹಳೇ ಪಾಲುದಾರರು ಎಂದೂ ಕಾಣದ ಜಾಗಕ್ಕೆ ವಿಮಾನ ಹೋಗಿ ಬಿತ್ತು.

“ನೀನು ಸರ್ಯಾಗಿ ಓಡುಸ್ಲಿಲ್ಲ ತಾತ.”

ಆ ಮಾತು ಕೇಳಿ ಎಷ್ಟು ಕಾಲವಾಗಿತ್ತು! ನೀನು ಹೊಡೆಯಲಿಲ್ಲ ಎಂದು ನಾನೂ ತಕ್ಷಣ ಜಗಳಕ್ಕಿಳಿದೆ. ಜಯಮ್ಮ ಬಾಯಿಂದ ಸೆರಗು ತೆಗೆದು ತೀರ್ಪು ಹೇಳಿದಳು: “ಇಬ್ರೂ ಸೇರಿ ಒಬ್ರಾದ್ರಿ. ಇರ್ಲಿ ಬುಡಿ.”

ಯುಗಾದಿಗೆ ಬಂದ ಪುಟ್ಟಸ್ವಾಮಿ ತನ್ನ ಬಟನ್ ತನಗೆ ಬೇಕೆಂದು ಕೇಳಿದ. ಮಾನ್ಯ ಕೊಡಲಿಲ್ಲ. ಅವನು ಒಬ್ಬಟ್ಟು ತಿನ್ನುತ್ತಾ ಹಿಂದೆ ನಿಂತು ನೋಡಿದ.

ಹಳೇ ಪೆಟ್ಟಿಗೆ ಕೊಳ್ಳುವವರಿಗೆ ನನ್ನ ಸಲಹೆ: ಹಿಂದಿನ ಹಲಗೆಯನ್ನು ಕುಟ್ಟಿ ನೋಡಿ, ಗೆದ್ದಲು ಹಿಡಿದಿದ್ದರೆ ಸದ್ದು ಬೇರೆ ಬರುತ್ತದೆ. ಎಷ್ಟು ಆಟವಿದೆ ಎಂದು ಕೇಳಬೇಡಿ. ನಮ್ಮಲ್ಲಿ ಸಾವಿರಾರು ಇವೆ, ಆಡುವುದು ಒಂದೇ. ಬಟನ್ ಒತ್ತುವವರು ಮನೆಯಲ್ಲಿದ್ದಾರೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ. ಯಾರೂ ಇಲ್ಲದಿದ್ದರೆ ಪೆಟ್ಟಿಗೆಯನ್ನು ಹುಣಸೂರಿಗೆ ತನ್ನಿ, ಒಳ್ಳೇ ಬೆಲೆಗೆ ನಾನೇ ತೆಗೆದುಕೊಳ್ಳುತ್ತೇನೆ. ಕೋಳಿಗಳನ್ನು ಮಾತ್ರ ಅಲ್ಲೇ ಇಳಿಸಿ ಬನ್ನಿ.