ರಂಗೋಲಿಯ ಮೇಲೆ ಎಂಜಿನ್ ಎಣ್ಣೆ

ಹಳೇ ಕಾರು ಇಟ್ಟುಕೊಂಡವನಿಗೆ ದೇವರು ಬೇರೆ ತಪಸ್ಸು ವಿಧಿಸುವುದಿಲ್ಲ. ಒಂದು ಸಲ ರಿಪೇರಿಗೆ ಬಿಟ್ಟುಬಂದರೆ ಸಾಕು, ಉಳಿದದ್ದೆಲ್ಲ ತಾನಾಗಿ ನಡೆದುಕೊಂಡು ಹೋಗುತ್ತದೆ.

ಎಂಬತ್ತರ ದಶಕದ ಕೊನೆಯ ಮಾತು. ನಾನು ಚಿಕ್ಕಬಳ್ಳಾಪುರದಲ್ಲಿ ಹೈಸ್ಕೂಲು ಮೇಷ್ಟ್ರು. ತಂದೆಯವರು ಬಿಟ್ಟುಹೋದ ಕಾರು ಹೊಗೆ ಜಾಸ್ತಿ ಬಿಡುತ್ತಿತ್ತು. ಗೌರಿಬಿದನೂರಿನಲ್ಲಿ ಎಂಜಿನ್ ಬಿಚ್ಚಿಸಿ ಕೆಲಸ ಮಾಡಿಸಿದೆ. ಹೊಗೆ ನಿಂತಿತು, ಎಣ್ಣೆ ಸೋರಲು ಶುರುವಾಯಿತು. ಕಾರು ನಿಲ್ಲುತ್ತಿದ್ದದ್ದು ಮನೆ ಬಾಗಿಲಲ್ಲಿ. ಬೆಳಗ್ಗೆ ಅದನ್ನು ಹಿಂದಕ್ಕೆ ತಳ್ಳಿದರೆ, ನನ್ನಾಕೆ ರಂಗೋಲಿ ಹಾಕುವ ಜಾಗದಲ್ಲಿ ಅಂಗೈಯಗಲ ಕಪ್ಪು.

"ರೀ, ಯುಗಾದಿ ದಿನ ನನ್ನ ರಂಗೋಲಿ ಮೇಲೆ ಒಂದು ತೊಟ್ಟು ಎಣ್ಣೆ ಕಂಡ್ರೂ ಈ ಕಾರು ಗುಜರಿಗೆ. ಹೇಳ್ಬಿಟ್ಟಿದೀನಿ" ಎಂದಳು.

ಹಬ್ಬಕ್ಕೆ ಇನ್ನೊಂದು ತಿಂಗಳಿತ್ತು. ನಾನು ಶನಿಮಹಾತ್ಮನಿಗೆ ಹರಕೆ ಹೊತ್ತೆ. ಪ್ರತಿ ಶನಿವಾರ ಗುಡಿಯಲ್ಲಿ ತೈಲಾಭಿಷೇಕ ಮಾಡಿಸಿ, ಪ್ರಸಾದದ ಎಳ್ಳೆಣ್ಣೆ ಒಂದು ಬಟ್ಟಲು ಮನೆಗೆ ತರುತ್ತಿದ್ದೆ. ದೇವರ ಪಾಲಿನದು ಅಷ್ಟು. ಮನುಷ್ಯರ ಪಾಲಿನದು ಈಗ ಕೇಳಿ.

ಗೌರಿಬಿದನೂರು

ಎಂಜಿನ್ ಬಿಚ್ಚಿದ್ದ ಮಹಾನುಭಾವನ ಬಳಿಗೇ ಮೊದಲು ಹೋದೆ.

"ಎಣ್ಣೆ ಸೋರ್ತಾ ಇದೆಯಲ್ಲಪ್ಪಾ."

"ಸೋರ್ತಾ ಇದೆ ಅಂದ್ರೆ ಒಳಗೆ ಎಣ್ಣೆ ಇದೆ ಅಂತ ತಾನೇ ಸಾರ್? ನಿಂತ ದಿನ ಭಯ ಪಡಿ."

ಇಂಥ ವೇದಾಂತ ನಮ್ಮ ಹರಿಕಥೆ ದಾಸರ ಬಾಯಲ್ಲೂ ಕೇಳಿರಲಿಲ್ಲ. ಆಮೇಲೆ ಎಂಜಿನ್ನಿನ ಮೇಲ್ಮುಚ್ಚಳದ ಬೋಲ್ಟುಗಳಿಗೆ ಸ್ಪ್ಯಾನರ್ ಹಾಕಿ, ಹಲ್ಲು ಕಚ್ಚಿ, "ಇನ್ನೆರಡು ಸುತ್ತು, ಇನ್ನೆರಡು ಸುತ್ತು" ಎಂದು ತಿರುಗಿಸಿದ. ಮುಚ್ಚಳದ ಕೆಳಗಿನ ಕಾರ್ಕ್ ಪಟ್ಟಿ ಹಿಂಡಿದ ನಿಂಬೆಹಣ್ಣಿನ ಸಿಪ್ಪೆಯಂತೆ ಆಚೆಗೆ ಇಣುಕಿತು. ಮನೆಗೆ ಬಂದರೆ ಅಂಗೈಯಗಲದ ಕಪ್ಪು ಊಟದ ಎಲೆಯಗಲ ಆಗಿತ್ತು.

ಭಗವಂತ ಅವನಿಗೆ ತೋಳು ಕೊಟ್ಟಿದ್ದ. ಒಂದೇ ದಿನ ಎರಡೆರಡು ವರ ಯಾರಿಗೆ ತಾನೇ ಕೊಡುತ್ತಾನೆ!

ಚಿಂತಾಮಣಿ

ಅಲ್ಲೊಬ್ಬರಿದ್ದರು. ನೆಲದ ಮೇಲಿನ ತೊಟ್ಟು ಮುಟ್ಟಿ ರೋಗ ಹೇಳುವವರು. ನಾನು ಹೋದಾಗ ಶೆಡ್ಡಿನ ಮುಂದಿನ ಎಣ್ಣೆಮಡುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಬೆರಳಿಗೆ ಹಚ್ಚಿಕೊಂಡರು, ಉಜ್ಜಿದರು, ಮೂಸಿದರು, ಕಣ್ಣು ಮುಚ್ಚಿದರು. ನಾನೂ ಭಕ್ತಿಯಿಂದ ಕೈ ಕಟ್ಟಿ ನಿಂತೆ.

"ಹಿಂದ್ಗಡೆ ಸೀಲು ಪೋಯಿಂದಿ ಸಾರ್, ಹೋಗ್ಬಿಟ್ಟಿದೆ. ಎಂಜಿನ್ ಪೂರ್ತಿ ಇಳಿಸ್ಬೇಕು."

"ಸ್ವಾಮೀ, ಅದು ಈಗ ಹೋಯಿತಲ್ಲ ಆ ಜೀಪಿನ ಎಣ್ಣೆ. ನನ್ನ ಕಾರು ಅಗೋ, ಮರದ ಕೆಳಗಿದೆ."

ಅವರು ತಲೆ ಎತ್ತಿ ಕೂಡ ನೋಡಲಿಲ್ಲ.

"ಅದಕ್ಕೂ ಅದೇ ಸಾರ್!"

ಶಿಡ್ಲಘಟ್ಟ

ಹಬ್ಬಕ್ಕೆ ಮೂರೇ ದಿನ ಉಳಿದಿತ್ತು, ಗುರುವಾರ. ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದೆ ವಯಸ್ಸಾದ ಸಾಹೇಬರೊಬ್ಬರ ಶೆಡ್ಡು. ಅವರು ಮೂಸಲಿಲ್ಲ, ಬಿಗಿಯಲಿಲ್ಲ. ಸೀಮೆಎಣ್ಣೆಯಲ್ಲಿ ಎಂಜಿನ್ ತೊಳೆದು, ಒರೆಸಿ, ಒಣಗಿಸಿದರು.

"ಎಣ್ಣೆ ಮೇಲಿಂದ ಇಳಿಯುತ್ತೆ ಮೇಷ್ಟ್ರೇ, ಎಲ್ರೂ ಕೆಳಗೆ ಹುಡುಕ್ತಾರೆ. ಈಗ ಪೌಡರ್ ಎರಚಿ, ಐದು ಮೈಲಿ ಓಡ್ಸಿ. ಎಲ್ಲಿ ಒದ್ದೆ ಆಗುತ್ತೋ ಅಲ್ಲೇ ತೂತು. ಪೌಡರ್ ಇದೆಯಾ?"

ನನ್ನ ಜೇಬಿನಲ್ಲಿದ್ದದ್ದು ವಿಭೂತಿ ಪೊಟ್ಟಣ.

"ಅದೇ ಕೊಡಿ. ಎಂಜಿನ್ನಿಗೇನು ಜಾತಿ?"

ಐದು ಮೈಲಿ ಹೋಗಿಬಂದೆವು. ಮೈತುಂಬ ಬೆಳ್ಳಗಿದ್ದ ಎಂಜಿನ್ನಿನಲ್ಲಿ ಮುಚ್ಚಳದ ಹಿಂಬದಿಯಲ್ಲೊಂದು ಕಡೆ ಮಾತ್ರ ವಿಭೂತಿ ಕೆಸರಾಗಿತ್ತು. ನಜ್ಜುಗುಜ್ಜಾದ ಪಟ್ಟಿ ಕಿತ್ತು ಹೊಸದು ಕೂರಿಸಿ, ಹದವಾಗಿ ಬಿಗಿದರು. ನನ್ನ ಕಣ್ಣಲ್ಲಿ ನೀರು ಬಂತು.

"ಯುಗಾದಿಗೆ ಹೋಳಿಗೆ ಊಟಕ್ಕೆ ನೀವು ಬರಲೇಬೇಕು" ಎಂದೆ.

ಶುಕ್ರವಾರ ನೆಲ ಒಣಗಿತ್ತು. ಶನಿವಾರ ಬೆಳಗ್ಗೆಯೂ ಒಣಗಿತ್ತು. ಶೆಡ್ಡಿನ ಸಾಹೇಬರಿಗಿಂತ ಶನಿಮಹಾತ್ಮನಿಗೇ ಒಂದು ನಮಸ್ಕಾರ ಹೆಚ್ಚು ಹಾಕಿದೆ.

ಚಿಕ್ಕಬಳ್ಳಾಪುರ

ಭಾನುವಾರ, ಯುಗಾದಿ. ನನ್ನಾಕೆ ರಂಗೋಲಿ ಹಾಕಲು ಬೇಗ ಎದ್ದಳು. ಹಿಂದೆಯೇ ಕೂಗು.

"ರೀ! ಗುಜರಿಯವನಿಗೆ ಹೇಳಿಕಳಿಸಿ!"

ಓಡಿದೆ. ಹಿಂದಿನ ದಿನ ಸಾರಿಸಿದ್ದ ನೆಲದ ನಟ್ಟನಡುವೆ, ಕಾರಿನ ಕೆಳಗೇ, ಎಣ್ಣೆ ಮಿರಮಿರ ಮಿಂಚುತ್ತಿತ್ತು. ಅಷ್ಟರಲ್ಲಿ ಮೊದಲ ಬಸ್ಸಿಗೆ ಬಂದಿಳಿದ ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ನನಗೆ ಸಿಟ್ಟು ತಡೆಯಲಿಲ್ಲ.

"ನೀವೂ ಅವರ ಹಾಗೇ ಆದಿರಲ್ಲಾ! ಒಬ್ಬ ಮೆಕ್ಯಾನಿಕ್ಕಿಗಾದರೂ ದೇವರ ಭಯ ಇದೆಯೇ?"

ಸಾಹೇಬರು ಬಗ್ಗಿ, ಜೀವನದಲ್ಲಿ ಮೊದಲ ಸಲ, ಎಣ್ಣೆ ಮೂಸಿದರು.

"ಮೇಷ್ಟ್ರೇ, ಎಂಜಿನ್ ಎಣ್ಣೆ ಕಪ್ಪಗಿರುತ್ತೆ. ಇದು ಹೊಂಬಣ್ಣ. ಚಟ್ನಿಪುಡಿಗೆ ಕಲಸ್ಕೊಳ್ಳೋ ವಾಸನೆ ಬರ್ತಾ ಇದೆ."

ಬಾನೆಟ್ ಎತ್ತಿದರು. ಎಂಜಿನ್ನಿನ ನೆತ್ತಿಯಿಂದ ಎಳ್ಳೆಣ್ಣೆ ಧಾರೆ ಇಳಿದಿತ್ತು, ಮೇಲೊಂದು ತುಳಸಿದಳ.

ನನ್ನಾಕೆ ನನ್ನ ಕಡೆ ತಿರುಗಿದಳು. ನಾನು ಸತ್ಯ ಹೇಳಲೇಬೇಕಾಯಿತು. ಸೋರಿಕೆ ನಿಲ್ಲಲಿ ಎಂದು, ತಿಂಗಳಿಂದ ಪ್ರತಿ ಶನಿವಾರ ಸಂಜೆ, ಆ ಬಟ್ಟಲು ಪ್ರಸಾದವನ್ನು ಎಂಜಿನ್ನಿಗೂ ಅಭಿಷೇಕ ಮಾಡುತ್ತಿದ್ದೆ. ಸೋರಿಕೆ ನಿಂತಿದ್ದರೂ ಹರಕೆ ತಪ್ಪಬಾರದೆಂದು ನಿನ್ನೆ ಸಂಜೆಯೂ ಮಾಡಿದ್ದೆ.

ಸಾಹೇಬರು ಬಾನೆಟ್ಟನ್ನು ಮೆಲ್ಲಗೆ ಮುಚ್ಚಿದರು.

"ಏನಮ್ಮಾ, ಗುಜರಿಯವನಿಗೆ ಹೇಳಿಕಳಿಸ್ಲಾ?"

"ಹೇಳಿಕಳಿಸಿ" ಎಂದಳು ನನ್ನಾಕೆ, ರಂಗೋಲಿ ಬಟ್ಟಲು ಎತ್ತಿಕೊಳ್ಳುತ್ತ. "ಕಾರು ಇಲ್ಲೇ ಇರ್ಲಿ. ಇವರನ್ನ ತೂಕಕ್ಕೆ ಹಾಕಿ."