ಸ್ವಿಚ್ ಇಲ್ಲದ ತಕ್ಕಡಿ

ಶಿವಗಣಾರಾಧನೆಗೆ ಬಂದಿದ್ದ ನೆಂಟರಲ್ಲಿ ಕೊನೆಯವರೂ ಹಿಂದಿನ ಸಂಜೆ ಬಸ್ಸು ಹತ್ತಿದ್ದರು. ಬೆಳಗ್ಗೆ ಎಂದಿನಂತೆ ಹಾಲು ಬಂತು, ನಲ್ಲಿಯಲ್ಲಿ ನೀರು ಬಂತು. ಅತ್ತೆ ಅನ್ನಪೂರ್ಣಮ್ಮ ಒಗೆಯಲೆಂದು ಮೂಲೆಯ ಯಂತ್ರಕ್ಕೆ ಹೊದಿಸಿದ್ದ ಟವೆಲ್ ಎಳೆದರು. ಬೆಳಕು ಬಿದ್ದದ್ದೇ ತಡ, ಯಂತ್ರ ಕೂಗಿತು.

"ಶುಭೋದಯ ಕೊಟ್ರೇಶ್! ತೂಕಕ್ಕೆ ಬನ್ನಿ!"

ಅತ್ತೆ ಟವೆಲ್ ಹಿಡಿದೇ ನೆಲಕ್ಕೆ ಕೂತರು. ಅಡುಗೆಮನೆಯಲ್ಲಿ ನಿರುಪಮಾಳ ಕೈಯಿಂದ ಲೋಟ ಜಾರಿತು. ಅಪಘಾತದಲ್ಲಿ ಹೋದ ಅವಳ ಗಂಡ ಕೊಟ್ರೇಶ್, ಬೆಣ್ಣೆದೋಸೆ ಬಿಡದೆ ತೆಳ್ಳಗಾಗಬೇಕೆಂದು ಮೇಲಿನ ಮಹಡಿಯ ವಾಮದೇವಪ್ಪ ಮೇಷ್ಟ್ರಿಂದ ಕಡ ತಂದಿದ್ದ ತಕ್ಕಡಿ ಅದು, ಮೇಷ್ಟ್ರೇ ಮಾಡಿದ್ದು. ಕೆಳಗೆ ಚಕ್ರ, ಮೇಲೆ ಎರಡು ತಗಡಿನ ಕೈ, ಜೊತೆಗೊಂದು ಸ್ಟೀಲ್ ತಟ್ಟೆ. ತಟ್ಟೆಯಲ್ಲಿ ಹೆಚ್ಚು ತಿಂದರೆ ಓಡಿಸುತ್ತಿತ್ತು, ಕಡಿಮೆ ತಿಂದರೆ ತುರುಕುತ್ತಿತ್ತು.

"ತೂಕ ಸೊನ್ನೆ! ಕೊಟ್ರೇಶ್, ಇಂಥ ಪಥ್ಯ ಯಾರು ಹೇಳಿದ್ರು? ಕೂಡಲೇ ಊಟ!"

ಯಂತ್ರ ಅಡುಗೆಮನೆಗೆ ನುಗ್ಗಿ ಉಳಿದಿದ್ದ ಹೋಳಿಗೆಗಳನ್ನು ತಟ್ಟೆಗೆ ಬಳಿದುಕೊಂಡು, ತುಪ್ಪ ಸುರಿದು, ನೇರ ಅತ್ತೆಯ ಬಾಯಿಗೆ ಒಂದನ್ನು ಹಿಡಿಯಿತು.

"ಲೇ, ನಂಗೆ ಸಕ್ಕರೆ ಕಾಯಿಲೆ ಐತೆ! ನಿರೂ, ಇದನ್ನ ಆಚೆ ಹಾಕೇ!"

ಒಂದು ತುತ್ತು ಒಳಗೆ ಹೋಗಿಯೇಬಿಟ್ಟಿತು. ತಕ್ಷಣ ಸೀಟಿ. "ಸಿಹಿ! ಕೊಟ್ರೇಶ್, ಓಡಿ!"

"ಮಂಡಿ ನೋವು ಕಣೋ ಮುಂಡೇದೇ!"

ಗದ್ದಲ ಕೇಳಿ ಓಡಿಬಂದ ಮೇಷ್ಟ್ರ ಮುಖ ಅರಳಿತು. "ನೋಡಿದ್ಯೇನಮ್ಮಾ, ಹೆಂಗ್ ಕೆಲಸ ಮಾಡ್ತೈತೆ!"

"ಆಫ್ ಮಾಡಿ ಮೇಷ್ಟ್ರೇ," ಎಂದಳು ನಿರುಪಮಾ.

"ಸ್ವಿಚ್ ಇಟ್ರೆ ಜನ ಆಫ್ ಮಾಡ್ತಾರಮ್ಮ, ಅದಕ್ಕೇ ಇಟ್ಟಿಲ್ಲ. ತಿಂದಿದ್ದೂ ಕರಗಿಸಿದ್ದೂ ಸಮ ಆದ್ರೆ ತಾನೇ ಮಲಗುತ್ತೆ. ಆ ತಟ್ಟೇಲಿ ಯಾರು ತಿಂದ್ರೂ ಅದಕ್ಕೆ ಕೊಟ್ರೇಶನೇ."

"ಇಲ್ದಿದ್ರೆ?"

"ಒಮ್ಮೆ ಲೆಕ್ಕ ಶುರುವಾದ್ರೆ ಟವೆಲ್ ಹೊದಿಸಿದ್ರೂ ಕೇಳಲ್ಲ, ದಿನಾ ಬೆಳಗ್ಗೆ ಕರೀತೈತೆ."

ಅತ್ತೆಯ ಮುಖ ನೋಡಿದಳು ನಿರುಪಮಾ. ನಾಳೆ ಬೆಳಗ್ಗೆ ಈ ಮನೆಯಲ್ಲಿ ಅದು ಆ ಹೆಸರು ಕೂಗಬಾರದು. ಹೋಳಿಗೆಗಳನ್ನು ಆ ತಟ್ಟೆಯ ಅಂಚಿಗೆ ಸರಿಸಿ, ಅದರಲ್ಲೇ ರೊಟ್ಟಿ, ಹೆಸರುಕಾಳು ಪಲ್ಯ, ಸೌತೆಕಾಯಿ ಬಡಿಸಿಕೊಂಡು ಗಂಡನ ಜಾಗದಲ್ಲಿ ಕೂತಳು. ಅವನು ಹೋದಮೇಲೆ ಅವಳು ಕಾಫಿಯ ಮೇಲೇ ದಿನ ದೂಡಿದ್ದಳು. ಮೊದಲ ತುತ್ತನ್ನು ಮಜ್ಜಿಗೆ ಕುಡಿದು ಇಳಿಸಿದಳು.

"ಇನ್ನೊಂದು ರೊಟ್ಟಿ ಹಾಕ್ಕೊಳ್ಳೇ," ಅತ್ತೆ ಮೆಲ್ಲಗೆ ಅಂದರು. ಹಾಕಿಕೊಂಡಳು.

"ಹದವಾದ ಊಟ! ಈಗ ಕರಗಿಸಿ!"

ಸೆರಗು ಸಿಕ್ಕಿಸಿ, ಅಕ್ಕಿ ಮೂಟೆಯಷ್ಟು ಭಾರದ ಯಂತ್ರವನ್ನೇ ತಬ್ಬಿ ಎತ್ತಿದಳು. ಮೇಷ್ಟ್ರ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ.

"ನಾನೂ ಕೈ ಹಚ್ತೀನಮ್ಮಾ!"

"ಬೇಡ, ಲೆಕ್ಕ ತಪ್ತದೆ. ನೀವು ತಟ್ಟೆ ತನ್ನಿ."

ಮೆಟ್ಟಿಲುಗಳುದ್ದಕ್ಕೂ ಅದು ಅವಳ ಕಿವಿಯಲ್ಲೇ ಹುರಿದುಂಬಿಸಿತು. ಮೇಷ್ಟ್ರ ಹೊಸ್ತಿಲ ಮೇಲೆ ಇಳಿಸುವಾಗ ಅವಳ ಕುಪ್ಪಸ ಬೆವರಿನಿಂದ ಒದ್ದೆಯಾಗಿತ್ತು.

"ಸಮ! ಚೆನ್ನಾಗಿ ಮಾಡಿದ್ರಿ ಕೊಟ್ರೇಶ್," ಎಂದು ದೀಪ ಆರಿಸಿಕೊಂಡಿತು.

"ನಮ್ಮನೆಯವರು ತಂದಿದ್ದು, ವಾಪಸ್ ಕೊಟ್ಟಿದ್ದೀನಿ," ಎಂದಳು.

ಮೇಷ್ಟ್ರು ಕೈಯಲ್ಲಿದ್ದ ತಟ್ಟೆಯಿಂದ ಹೋಳಿಗೆಯೊಂದನ್ನು ಎತ್ತಿ ಕಚ್ಚಿದರು. ದೀಪ ಹತ್ತಿತು.

"ಸಿಹಿ! ಕೊಟ್ರೇಶ್, ಓಡಿ!"

ಮೇಷ್ಟ್ರು ಮೆಟ್ಟಿಲಿಳಿದು ಓಡಿದರು. ಯಂತ್ರ ದಡದಡನೆ ಅವರ ಬೆನ್ನು ಹತ್ತಿತು. ನಿರುಪಮಾ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು.

"ಮೇಷ್ಟ್ರೇ," ಎಂದು ಕೆಳಗೆ ಬಗ್ಗಿ ಕೂಗಿದಳು, "ಸ್ವಿಚ್ ಒಂದು ಇಟ್ಟುಬಿಡಿ."